ಜೋಡಿ ನೃತ್ಯ: ಅಂಕಪಟ್ಟಿ ಎಲ್ಲರಿಗೂ ಕಾಣಲಿ

ಮಾನ್ಯರೇ,

ಕೆಜಿಎಫ್‌ನ ಕ್ಲಬ್‌ಗಳಲ್ಲಿ ವಾಲ್ಟ್ಸ್, ಫಾಕ್ಸ್‌ಟ್ರಾಟ್‌ನಂಥ ಪಾಶ್ಚಾತ್ಯ ಜೋಡಿ ನೃತ್ಯ ಮಾಡುತ್ತಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳು ಬಹುಪಾಲು 2001ರಲ್ಲಿ ಗಣಿ ಮುಚ್ಚುವ ಮೊದಲೇ ಊರು ಬಿಟ್ಟವು. ಆ ನೃತ್ಯದ ನೆನಪಿನ ಜತೆ ಅದರ ಪೈಪೋಟಿಯ ನೆನಪೂ ಹಳಬರಲ್ಲಿ ಉಳಿದಿದೆ. ಈಗ ನಮ್ಮ ಜಿಲ್ಲೆಯಲ್ಲೂ ಪಕ್ಕದ ಚಿಕ್ಕಬಳ್ಳಾಪುರದಲ್ಲೂ, ಅತ್ತ ತುಮಕೂರಿನಲ್ಲೂ ಜೋಡಿ ನೃತ್ಯದ ಸ್ಪರ್ಧೆ ನಡೆಸಲು ಹೊರಡುವವರಿಗೆ ಒಂದು ವಿನಂತಿ. ಪೈಪೋಟಿ ಇರಲೇಬೇಕು. ಆದರೆ ಫಲಿತಾಂಶ ಬಂದ ಮೇಲೆ ಅದು ಹಗೆಯಾಗುವುದು ಹೆಚ್ಚಾಗಿ ಅಂಕ ಕೂಡುವ ಕ್ರಮದಿಂದ.

ಐವರು ತೀರ್ಪುಗಾರರು ಹತ್ತಕ್ಕೆ ಅಂಕ ಕೊಡುತ್ತಾರೆ ಎನ್ನಿ. ಮೊದಲ ಜೋಡಿಗೆ 8, 8, 8, 8, 2. ಎರಡನೆಯದಕ್ಕೆ 7, 7, 7, 7, 9. ಒಟ್ಟು 34 ಮತ್ತು 37. ನಾಲ್ವರು ಮೆಚ್ಚಿದ ಜೋಡಿ ಒಬ್ಬರೇ 2 ಅಂಕ ಕೊಟ್ಟದ್ದರಿಂದ ಸೋತಿತು! ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ‘ಸ್ಕೇಟಿಂಗ್ ಸಿಸ್ಟಂ’ ಎಂಬ, ಅಂಕದ ಬದಲು ಸ್ಥಾನಗಳನ್ನು ಎಣಿಸುವ ಪದ್ಧತಿಯಲ್ಲಿ ಇದಕ್ಕೆ ಎಡೆಯಿಲ್ಲ. ಅಂತಿಮ ಸುತ್ತಿನಲ್ಲಿ ಸಾಮಾನ್ಯವಾಗಿ ಆರು ಜೋಡಿ. ಪ್ರತಿ ತೀರ್ಪುಗಾರರೂ ಒಂದರಿಂದ ಆರರವರೆಗೆ ಸ್ಥಾನ ಬರೆಯಬೇಕು, ಎರಡು ಜೋಡಿಗೆ ಒಂದೇ ಸ್ಥಾನ ಕೊಡುವಂತಿಲ್ಲ. ಐವರಲ್ಲಿ ಮೂವರು ಮೊದಲ ಸ್ಥಾನ ಕೊಟ್ಟರೆ ಆ ಜೋಡಿಯೇ ಪ್ರಥಮ. ಯಾರಿಗೂ ಬಹುಮತ ಬಾರದಿದ್ದರೆ ಒಂದು ಮತ್ತು ಎರಡನೇ ಸ್ಥಾನಗಳನ್ನು ಸೇರಿಸಿ ಎಣಿಸಬೇಕು. ತೀರ್ಪುಗಾರರು ಬೆಸಸಂಖ್ಯೆಯಲ್ಲಿ, ಐದು, ಏಳು ಅಥವಾ ಒಂಬತ್ತು, ಇರಬೇಕಾದದ್ದು ಇದಕ್ಕೇ.

ತೀರ್ಪುಗಾರರನ್ನು ವೇದಿಕೆಯ ಮೇಲೆ ಮುಖ್ಯ ಅತಿಥಿಗಳ ಪಕ್ಕ ಕೂರಿಸಬೇಡಿ. ಜೋಡಿಗಳು ಅಂಗಳದ ಸುತ್ತ ಅಪ್ರದಕ್ಷಿಣವಾಗಿ ಚಲಿಸುತ್ತವೆ. ಒಂದೇ ಕಡೆ ಕೂತವರಿಗೆ ಆಚೆ ಬದಿಯ ಜೋಡಿಯ ಕಾಲು ಕಾಣುವುದೇ ಇಲ್ಲ. ತೀರ್ಪುಗಾರರು ಅಂಗಳದ ಅಂಚಿನಲ್ಲಿ ಬೇರೆ ಬೇರೆ ಕಡೆ ನಿಂತು ನೋಡಬೇಕು.

ಹಾಡಿನ ವೇಗವೂ ಫಲಿತಾಂಶವನ್ನು ಕೆಡಿಸುತ್ತದೆ. ವಾಲ್ಟ್ಸ್‌ಗೆ ಮೂರೆಣಿಕೆಯ ಆವರ್ತ ನಿಮಿಷಕ್ಕೆ 28ರಿಂದ 30, ಚುರುಕು ಹೆಜ್ಜೆಯ ಕ್ವಿಕ್‌ಸ್ಟೆಪ್‌ ನೃತ್ಯಕ್ಕೆ ನಾಲ್ಕೆಣಿಕೆಯದು 50ರಿಂದ 52. ವಾಲ್ಟ್ಸ್ ಹಾಡನ್ನು ಡಿಜೆ 36ಕ್ಕೆ ಓಡಿಸಿದರೆ ಮೂರನೇ ಎಣಿಕೆಯಲ್ಲಿ ಮೈ ಏರಿ, ಮೆಲ್ಲಗೆ ಇಳಿಯಲು ಸಮಯವೇ ಸಿಗದು. ಆಗ ಕ್ರಮಬದ್ಧವಾಗಿ ಕಲಿತವರು ಹಿಂದೆ ಬಿದ್ದು, ಗಿರಗಿರನೆ ಸುತ್ತಿದವರು ಚೆನ್ನಾಗಿ ಕಾಣುತ್ತಾರೆ. ನೆಲವೂ ಅಷ್ಟೇ: ನುಣುಪು ಟೈಲ್ಸ್ ಮೇಲೆ ಪೌಡರ್ ಉದುರಿಸಿದರೆ ಮೂಲೆಯ ತಿರುವಿನಲ್ಲಿ ಹಿಮ್ಮಡಿ ಜಾರಿ ಎರಡು ಜೋಡಿ ಡಿಕ್ಕಿಯಾಗುತ್ತವೆ, ಜಗಳ ಅಲ್ಲೇ ಶುರು. ಪೌಡರ್ ಬೇಡ. ಸ್ವೇಡ್ (ಒರಟು ಮೈಯ ಚರ್ಮ) ಅಟ್ಟೆಯ ಶೂ ಹಾಕಿ, ಅಟ್ಟೆಯನ್ನು ತಂತಿ ಬ್ರಷ್‌ನಿಂದ ಉಜ್ಜಿಕೊಂಡರೆ ಹಿಡಿತ ಸಿಗುತ್ತದೆ.

ಬ್ರಿಟನ್ನಿನ ಜೋಡಿ ಡಾನಿ ಬರ್ನ್ಸ್ ಮತ್ತು ಗೇನರ್ ಫೇರ್‌ವೆದರ್ ರುಂಬಾ, ಚಾ-ಚಾ-ಚಾದಂಥ ನೃತ್ಯಗಳ ಲ್ಯಾಟಿನ್ ವಿಭಾಗದಲ್ಲಿ 14 ಸಲ ವಿಶ್ವ ಚಾಂಪಿಯನ್ ಆದರು. ಅಷ್ಟು ವರ್ಷ ಒಂದೇ ಜೋಡಿಯ ಹಿಂದೆ ನಿಲ್ಲುವುದು ಎದುರಾಳಿಗಳಿಗೆ ಎಷ್ಟು ಕಷ್ಟವೋ! ಸೋತವರಿಗೆ ತಾವು ಎಲ್ಲಿ ಹಿಂದುಳಿದೆವು ಎಂಬುದಾದರೂ ಗೊತ್ತಾಗಬೇಕು. ಆದ್ದರಿಂದ ಬಹುಮಾನ ಕೊಡುವ ಮುನ್ನವೇ, ಯಾವ ತೀರ್ಪುಗಾರರು ಯಾವ ಜೋಡಿಗೆ ಎಷ್ಟನೇ ಸ್ಥಾನ ಕೊಟ್ಟರು ಎಂಬ ಪೂರ್ತಿ ಪಟ್ಟಿಯನ್ನು ಸಭಾಂಗಣದ ಬಾಗಿಲಿಗೆ ಅಂಟಿಸಿ.

– ನೃತ್ಯ ಶಿಕ್ಷಕರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್