ಅಗ್ಗದ ಪದವಿಗೆ ಚಿನ್ನದ ಮುದ್ರೆ

ಸಂಪಾದಕರಿಗೆ,

ವೈಟ್‌ಫೀಲ್ಡ್‌ನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಆನ್‌ಲೈನ್‌ನಲ್ಲಿ ಎಂಬಿಎ ಮಾಡಲು ಹೊರಟಿದ್ದಾನೆ. ಕಳೆದ ಭಾನುವಾರ ಮನೆಗೆ ಬಂದವನು ಎರಡು ಕರಪತ್ರಗಳನ್ನು ನನ್ನ ಮುಂದಿಟ್ಟ. ಒಂದರ ಶುಲ್ಕ ಇನ್ನೊಂದರ ಅರ್ಧಕ್ಕಿಂತ ಕಡಿಮೆ. ಅಗ್ಗದ್ದರ ಮೇಲೆ ‘ಅಂತರರಾಷ್ಟ್ರೀಯ ಮಾನ್ಯತೆ’ ಎಂಬ ಚಿನ್ನದ ಬಣ್ಣದ ಮುದ್ರೆ ಬೇರೆ. ಮಾನ್ಯತೆ ಕೊಟ್ಟವರು ಯಾರೆಂದು ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗಲಿಲ್ಲ. ಫೋನ್ ಮಾಡಿದರೆ, ‘ಇಂದೇ ಕಟ್ಟಿದರೆ ರಿಯಾಯಿತಿ ಇದೆ ಸರ್’ ಎಂಬುದೊಂದೇ ಉತ್ತರ.

ಶುಲ್ಕ ನೋಡುವುದು ತಪ್ಪಲ್ಲ. ಈ ಊರಿನಲ್ಲಿ ಬಾಡಿಗೆ ಕಟ್ಟಿ ಉಳಿದ ಹಣದಲ್ಲಿ ಓದುವವರು ನೋಡಲೇಬೇಕು. ಆದರೆ ಯಾವ ವಿಶ್ವವಿದ್ಯಾಲಯ ಯಾವ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸಬಹುದು ಎಂಬ ಪಟ್ಟಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿದೆ. ಹಣ ಕಟ್ಟುವ ಮುನ್ನ ಅದನ್ನು ತೆರೆದು ನೋಡುವವರು ಎಷ್ಟು ಮಂದಿ? ಶಿಕ್ಷಣ ಸಂಸ್ಥೆಯ ಗುಣಮಟ್ಟ ಅಳೆದು ನ್ಯಾಕ್ ಮಂಡಳಿ ಕೊಡುವ ಶ್ರೇಣಿ ಬೇರೆ, ಈ ಅನುಮತಿ ಬೇರೆ. ನ್ಯಾಕ್ ಕಚೇರಿ ನಮ್ಮ ನಾಗರಬಾವಿಯಲ್ಲೇ ಇದ್ದರೂ ಎರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚು.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಗುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ನೆನಪಿದೆಯಲ್ಲ? ಅದು ಸರ್ಕಾರಿ ಸಂಸ್ಥೆ. ಹೋರಾಡಿ ಕೇಳುವುದಕ್ಕೆ ಒಂದು ಬಾಗಿಲಾದರೂ ಇತ್ತು.

ಕರಪತ್ರಗಳಲ್ಲಿ ಶುಲ್ಕದಷ್ಟೇ ದಪ್ಪ ಅಕ್ಷರದಲ್ಲಿ ಯುಜಿಸಿ ಅನುಮತಿಯ ವಿವರವನ್ನೂ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಹುಡುಗನಂತೂ ಹಣ ಕಟ್ಟುವುದನ್ನು ಸದ್ಯಕ್ಕೆ ಮುಂದೂಡಿದ್ದಾನೆ.

– ಓದುಗ, ವಿಜಯನಗರ, ಬೆಂಗಳೂರು