ಅಮ್ಮನ ಟಿಕೆಟ್ ವಿಚಾರ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
13 ಆಗಸ್ಟ್ 2023

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ಡಾಕ್ಟರು ಮೊನ್ನೆ ನೋಡಿ, ಮಗು ಚೆನ್ನಾಗಿ ಬೆಳೆಯುತ್ತಿದೆ ಎಂದರು. ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ. ನಡುವೆ ಇಳಿದು 9 ಗಂಟೆ ಕಾದು ಹತ್ತುವ ಟಿಕೆಟ್ ಅಗ್ಗ ಎಂದಿರಿ. ಅಗ್ಗ ನಿಜ. ಆದರೆ ಅಮ್ಮ ಒಬ್ಬಳೇ ಬರುತ್ತಿದ್ದಾಳೆ, ಮಂಡಿನೋವು ಬೇರೆ. ಗೊತ್ತಿಲ್ಲದ ನಿಲ್ದಾಣದಲ್ಲಿ ಗೇಟು ಹುಡುಕಿಕೊಂಡು ಅಲೆಯುವುದು ಅವಳಿಂದ ಆಗದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಬರುವ ಏರ್ ಇಂಡಿಯಾ ವಿಮಾನವನ್ನೇ ಹತ್ತಿಸಿ.

ಅಮೆರಿಕ ಇರುವುದು ಪಶ್ಚಿಮಕ್ಕೆ, ವಿಮಾನ ಉತ್ತರಕ್ಕೇಕೆ ಹೋಗಬೇಕು ಎಂದು ಕೇಳಿದಿರಲ್ಲ, ಅಟ್ಲಾಸಿನ ಮೇಲೆ ಸ್ಕೇಲು ಇಟ್ಟರೆ ಅದು ತಿಳಿಯುವುದಿಲ್ಲ. ಒಂದು ಮೂಸಂಬಿ ತೆಗೆದುಕೊಳ್ಳಿ. ತೊಟ್ಟು ಉತ್ತರ ಧ್ರುವ. ನಡುಭಾಗಕ್ಕಿಂತ ಚೂರು ಮೇಲೆ ಬೆಂಗಳೂರಿಗೊಂದು ಕುಂಕುಮದ ಬೊಟ್ಟು ಇಡಿ. ಹಣ್ಣನ್ನು ಹತ್ತಿರ ಹತ್ತಿರ ಅರ್ಧ ಸುತ್ತು ತಿರುಗಿಸಿ, ಇನ್ನಷ್ಟು ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಇನ್ನೊಂದು. ಅಮ್ಮ ಹೂ ಕಟ್ಟುವ ಬಾಳೆನಾರನ್ನು ಎರಡು ಬೊಟ್ಟುಗಳ ನಡುವೆ ಬಿಗಿಯಾಗಿ ಎಳೆದರೆ, ನಾರು ತಾನೇ ಜಾರಿ ತೊಟ್ಟಿನ ಬಳಿ ಕೂರುತ್ತದೆ. ಅದೇ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವಿನ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಹೆಣ್ಣುಮಕ್ಕಳೇ, ಉತ್ತರ ಧ್ರುವದ ಮೇಲೆ ಹಾರಿಸಿ ಬೆಂಗಳೂರಿಗೆ ತಂದರು. ಇದನ್ನು ಅಮ್ಮನಿಗೆ ತಪ್ಪದೆ ಹೇಳಿ, ಅವಳಿಗೆ ಧೈರ್ಯ ಬರುತ್ತದೆ. ದಿನವೂ ಅದೇ ದಾರಿ ಹಿಡಿಯುವುದಿಲ್ಲ. ಎತ್ತರದ ಗಾಳಿಯನ್ನು ನೋಡಿಕೊಂಡು ದಾರಿ ಬದಲಾಗುತ್ತದೆ, ಹೊತ್ತೂ ಹೆಚ್ಚುಕಡಿಮೆಯಾಗುತ್ತದೆ.

ವಿಮಾನದಲ್ಲಿ 16 ಗಂಟೆ ಎಂದುಕೊಳ್ಳಿ. ಮೈಸೂರಿನಿಂದ ಫ್ಲೈಬಸ್ಸಿನಲ್ಲಿ 4 ಗಂಟೆ, ನಿಲ್ದಾಣದಲ್ಲಿ 3 ಗಂಟೆ ಮೊದಲೇ ಇರಬೇಕು, ಇಲ್ಲಿ ಇಮಿಗ್ರೇಷನ್ ಸಾಲು, ಕಾರಿನ ದಾರಿ. ಸರಸ್ವತಿಪುರಂ ಮನೆಯ ಬಾಗಿಲಿನಿಂದ ನಮ್ಮ ಬಾಗಿಲಿಗೆ 26 ಗಂಟೆಯಾದರೂ ಬೇಕು. ಅದರ ಮೇಲೆ ಇನ್ನೊಂದು 9 ಗಂಟೆ ಹೇರಬೇಡಿ ಅಪ್ಪ.

ದಸರಾ ಮುಗಿಸಿಕೊಂಡು ಶುಕ್ರವಾರ ಮಧ್ಯಾಹ್ನ 2ಕ್ಕೆ ಹೊರಟರೆ, 16 ಗಂಟೆಯ ಮೇಲೆ ಮೈಸೂರಿನಲ್ಲಿ ಶನಿವಾರ ಬೆಳಗ್ಗೆ 6. ಇಲ್ಲಿ ಮಾತ್ರ ಅದೇ ಶುಕ್ರವಾರ ಸಂಜೆ ಐದೂವರೆ. ಅಮ್ಮನ ಆ ಶುಕ್ರವಾರ 36 ಗಂಟೆ 30 ನಿಮಿಷದ್ದು. ಒಪ್ಪತ್ತು ಅಂತ ಅಷ್ಟು ಹೊತ್ತು ಉಪವಾಸ ಕೂರುವುದು ಬೇಡ, ಆ ವಾರ ದೇವಿಗೆ ಕೈಮುಗಿದು ಬಿಟ್ಟುಬಿಡಲಿ. ಬಿಪಿ ಮಾತ್ರೆಯನ್ನು ಯಾವ ಹೊತ್ತಿಗೆ ನುಂಗಬೇಕೆಂದು ಡಾಕ್ಟರನ್ನು ಈಗಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳುತ್ತೇನೆ. ಆಗಾಗ ಎದ್ದು ನಡೆಯದಿದ್ದರೆ ಅವಳ ಕಾಲು ಊದಿಕೊಳ್ಳುತ್ತದೆ. ಗಾಲಿಕುರ್ಚಿಗೂ ಹೇಳಿಡುತ್ತೇನೆ, ಸಂಕೋಚಪಟ್ಟುಕೊಂಡು ಬೇಡ ಎನ್ನದಿರಲಿ.

ಹೆಚ್ಚಿನ ದುಡ್ಡು ನನ್ನದು. ಪಾಸ್‌ಪೋರ್ಟಿನಲ್ಲಿ ಅಮ್ಮನ ಹೆಸರು ಹೇಗಿದೆಯೋ ಹಾಗೆಯೇ, ಒಂದಕ್ಷರವೂ ತಪ್ಪದಂತೆ, ಈ ವಾರವೇ ಬರೆದು ಕಳುಹಿಸಿ.

ನಿಮ್ಮ ಮಗಳು