ಮಳೆಗೆ ನಿಲ್ಲುವ ಆಟ ಗುಡುಗಿಗೂ ನಿಲ್ಲಲಿ

ಮಾನ್ಯ ಸಂಪಾದಕರೆ,

ಕಳೆದ ಭರಣಿ ಮಳೆಯ ಒಂದು ಸಂಜೆ, ನಮ್ಮ ತಾಲ್ಲೂಕಿನ ಮೈದಾನವೊಂದಕ್ಕೆ ಹದಿನಾಲ್ಕು ವರ್ಷದೊಳಗಿನ ಹುಡುಗರ ಕ್ರಿಕೆಟ್ ಪಂದ್ಯ ನೋಡಲು ಹೋಗಿದ್ದೆ. ಮೊಮ್ಮಗ ಆಡುತ್ತಿದ್ದ. ನಾಲ್ಕೂವರೆಯ ಹೊತ್ತಿಗೆ ಪಡುವಣ ಗುಡ್ಡದ ಮೇಲೆ ಮೋಡ ಕಟ್ಟಿ ಮಿಂಚಿತು. ಹಳೆಯ ಅಭ್ಯಾಸ, ಎಣಿಸತೊಡಗಿದೆ. ಇಪ್ಪತ್ತೊಂದಕ್ಕೆ ಗುಡುಗು ಕೇಳಿಸಿತು. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಅಲ್ಲಿಗೆ ಏಳು ಕಿಲೋಮೀಟರ್. ಸಂಘಟಕರ ಬಳಿ ಹೋಗಿ ಆಟ ನಿಲ್ಲಿಸಿ ಎಂದೆ. ‘ಇನ್ನೂ ಮಳೆ ಬಂದಿಲ್ಲವಲ್ಲ ಸಾರ್, ನಾಲ್ಕೇ ಓವರ್’ ಎಂದರು.

ಹನಿ ಬಿದ್ದ ಮೇಲೆ ಆಟವೇನೋ ನಿಂತಿತು. ಆದರೆ ಹುಡುಗರನ್ನು ಒಳಗೆ ಕರೆಯಲಿಲ್ಲ, ಪಿಚ್ಚಿಗೆ ಟಾರ್ಪಾಲು ಹೊದಿಸಲು ಕಳಿಸಿದರು. ಬಟಾಬಯಲಿನ ನಟ್ಟನಡುವೆ ಆರು ಮಕ್ಕಳು ಟಾರ್ಪಾಲಿನ ಅಂಚು ಹಿಡಿದು ಗಾಳಿಯೊಂದಿಗೆ ಜಗ್ಗಾಡುತ್ತಿದ್ದರು. ಅದು ಹಾರದಿರಲಿ ಎಂದು ನನ್ನ ಮೊಮ್ಮಗ ಒಂದು ಮೂಲೆಯ ಮೇಲೆ ಮಂಡಿಯೂರಿ ಕುಳಿತಿದ್ದ. ಉಳಿದವರು ಬೌಂಡರಿಯಾಚೆ ನೀಲಗಿರಿ ಮರದ ಬುಡದಲ್ಲಿ ಗುಂಪುಗೂಡಿದ್ದರು. ಅಂದು ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬ ಧೈರ್ಯದಲ್ಲಿ ಮುಂದಿನ ಸಲವೂ ಹೀಗೆಯೇ ಆಡಿಸುತ್ತಾರೆ ಎಂಬುದೇ ನನ್ನ ಭಯ.

31 ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ಸೇವೆಯ ಮೊದಲ ವರ್ಷಗಳಲ್ಲಿ ನಾನೂ ಮಳೆಯನ್ನೇ ಅಳತೆಗೋಲು ಮಾಡಿಕೊಂಡಿದ್ದೆ. ಅದು ತಪ್ಪು. ಮಳೆ ಸುರಿಯುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಎರಗಬಲ್ಲದು. ಗುಡುಗು ಕಿವಿಗೆ ಬಿತ್ತೆಂದರೆ ನಾವು ನಿಂತ ನೆಲವೂ ಅದರ ಅಳವಿಗೆ ಬಂದಿದೆ ಎಂದೇ ತಿಳಿಯಬೇಕು. 2024ರ ನವೆಂಬರ್ 3ರಂದು ಪೆರು ದೇಶದ ಚಿಲ್ಕಾದಲ್ಲಿ ಫುಟ್‌ಬಾಲ್ ಆಟಗಾರನೊಬ್ಬ ಸಿಡಿಲಿಗೆ ಬಲಿಯಾದ ವಿಡಿಯೊವನ್ನು ಅನೇಕರು ಮೊಬೈಲ್‌ನಲ್ಲಿ ನೋಡಿರಬಹುದು. ರೆಫರಿ ಪಂದ್ಯ ನಿಲ್ಲಿಸಿಯಾಗಿತ್ತು. ಆಟಗಾರರು ಹೊರಗೆ ನಡೆಯುತ್ತಿದ್ದರು. ಅಷ್ಟರಲ್ಲಿ ಎರಗಿದ ಸಿಡಿಲಿಗೆ ಹಲವರು ಒಟ್ಟಿಗೇ ಕುಸಿದುಬಿದ್ದರು. ಕೆಲವೇ ನಿಮಿಷ ಮೊದಲು ವಿಷಲ್ ಊದಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 2,887 ಮಂದಿ ಸಿಡಿಲಿಗೆ ಸತ್ತರು. ಬಿತ್ತನೆಗೆ ಇಳಿದ ರೈತನಿಗೆ ಹೊಲ ಬಿಟ್ಟು ಬರುವುದು ಕಷ್ಟ, ಅವನ ಸಂಕಟ ಬೇರೆ. ಮಕ್ಕಳ ಆಟಕ್ಕೆ ಅಂಥ ಯಾವ ಬಲವಂತವಿದೆ?

ನಿಲ್ಲಿಸುವವರು ಯಾರು ಎಂಬುದೇ ನಮ್ಮಲ್ಲಿ ತೀರ್ಮಾನವಾಗಿರುವುದಿಲ್ಲ. ಅಂಪೈರ್ ಸಂಘಟಕರ ಮುಖ ನೋಡುತ್ತಾರೆ, ಸಂಘಟಕರು ಬಹುಮಾನ ಕೊಡಲು ಬಂದು ಕುಳಿತ ಅತಿಥಿಗಳ ಮುಖ ನೋಡುತ್ತಾರೆ. ಆದ್ದರಿಂದ ಟಾಸ್‌ಗೆ ಮೊದಲೇ ಒಬ್ಬರ ಹೆಸರು ಗೊತ್ತುಮಾಡಿ ಎಲ್ಲರಿಗೂ ಹೇಳಬೇಕು. ಗುಡುಗು ಕೇಳಿದರೆ ಅವರು ವಿಷಲ್ ಊದಬೇಕು, ಅದಕ್ಕೆ ಎದುರು ಮಾತು ಇರಕೂಡದು. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಯಾರೂ ಮತ್ತೆ ಮೈದಾನಕ್ಕಿಳಿಯಬಾರದು. ನಡುವೆ ಮತ್ತೊಮ್ಮೆ ಗುಡುಗಿದರೆ ಗಡಿಯಾರ ಮೊದಲಿನಿಂದ ಶುರು. ನಮ್ಮ ರಾಜ್ಯದ ‘ಸಿಡಿಲು’ ಆ್ಯಪ್, ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಎರಡೂ ಇವೆ, ಅವರ ಮೊಬೈಲ್‌ನಲ್ಲಿರಲಿ. ಆದರೆ ನೆಟ್‌ವರ್ಕ್ ಸಿಗದ ಮೈದಾನಗಳೇ ನಮ್ಮ ಕಡೆ ಹೆಚ್ಚು, ಕಿವಿಯನ್ನೇ ನಂಬುವುದು ಲೇಸು.

ಓಡಿಹೋಗಿ ಸೇರುವ ಜಾಗವೂ ಮುಂಚೆಯೇ ಗೊತ್ತಿರಬೇಕು. ಗೋಡೆ, ಬಾಗಿಲುಗಳಿರುವ ಶಾಲಾ ಕೊಠಡಿ ಆದೀತು, ಗಾಜು ಏರಿಸಿದ ಬಸ್ಸು ಆದೀತು. ಶಾಮಿಯಾನ, ತಗಡಿನ ಚಪ್ಪರ, ಮರದಡಿ ಇವ್ಯಾವುವೂ ಆಸರೆಯಲ್ಲ. ಗುಡುಗಿದಾಗ ನಮ್ಮಜ್ಜಿ ‘ಅರ್ಜುನ, ಫಲ್ಗುಣ’ ಎಂದು ಹೇಳಿಸುತ್ತಿದ್ದರು. ಹಾಗೆ ಹೇಳುತ್ತಲೇ ನಾವು ಅಂಗಳ ಬಿಟ್ಟು ನಡುಮನೆ ಸೇರುತ್ತಿದ್ದೆವು. ಹೆಸರು ಹೇಳುವ ರೂಢಿ ಇಂದಿನ ಮಕ್ಕಳಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ಒಳಗೆ ಸೇರುವ ರೂಢಿ ಬೇಕು.

ಇನ್ನೊಂದು ಮಾತು. ಸಿಡಿಲು ಬಡಿದವರನ್ನು ಮುಟ್ಟಿದರೆ ಕರೆಂಟು ಹೊಡೆಯುತ್ತದೆಂದು ಹೆದರಿ ದೂರ ನಿಲ್ಲುವವರಿದ್ದಾರೆ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಸ್ಪಂದಿಸದೆ, ಉಸಿರಾಡದೆ ಬಿದ್ದಿದ್ದರೆ ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಮತ್ತೊಬ್ಬರು ಎದೆಯ ನಡುಭಾಗವನ್ನು ಎರಡೂ ಕೈಗಳಿಂದ ಬಲವಾಗಿ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಲೇ ಇರಬೇಕು. ಪ್ರತಿಯೊಬ್ಬ ದೈಹಿಕ ಶಿಕ್ಷಕರಿಗೂ ಇದರ ತರಬೇತಿ ಸಿಗಬೇಕು.

ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳ ಸುತ್ತೋಲೆಯಲ್ಲಿ ಶಿಕ್ಷಣ ಇಲಾಖೆ ಈ ಮಾತುಗಳನ್ನು ಸೇರಿಸಲಿ. ಬೇಸಿಗೆ ಶಿಬಿರ ನಡೆಸುವವರು ಏಪ್ರಿಲ್, ಮೇ ತಿಂಗಳ ಆಟವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಲಿ. ಆ ದಿನಗಳಲ್ಲಿ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ನಮ್ಮ ತಾಲ್ಲೂಕಿನಲ್ಲಿ ಯಾರು ಕರೆದರೂ ಗಡಿಯಾರ, ವಿಷಲ್ ಹಿಡಿದು ಬೌಂಡರಿಯ ಪಕ್ಕ ಕೂರಲು ನಾನು ಸಿದ್ಧ. ದಾರಿಖರ್ಚೂ ಬೇಡ.

– ನಿವೃತ್ತ ದೈಹಿಕ ಶಿಕ್ಷಕ, ತರೀಕೆರೆ